ಜೋಳದ ರೊಟ್ಟಿಯ ಜೊತೆ ಹಸಿ ತಪ್ಪಲು ತಿನ್ನುವವರು ದಯವಿಟ್ಟು ಇದನ್ನು ಓದಿ

ಕಲಬುರಗಿಯ ನಮ್ಮ ಮನೆಯಲ್ಲಿ ಹಸಿ ತಪ್ಪಲು, ಅಂದರೆ ಹಸಿ ಸೊಪ್ಪು, ಇಲ್ಲದೆ ರೊಟ್ಟಿಯ ಊಟ ಪೂರ್ತಿಯಾಗುವುದಿಲ್ಲ. ಎಳ್ಳಮಾಸಿ ಹತ್ತಿರ ಬಂದಂತೆ ಸಂತೆಯಲ್ಲಿ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಎಳೆ ಮೂಲಂಗಿ ರಾಶಿ ಬೀಳುತ್ತವೆ. ಸಿವುಡು ಬಿಚ್ಚಿ, ಒಮ್ಮೆ ನೀರಿನಲ್ಲಿ ಅದ್ದಿ ಜಾಡಿಸಿ, ಶೇಂಗಾ ಹಿಂಡಿ ಮತ್ತು ಮೊಸರಿನ ಜೊತೆ ತಿನ್ನುವುದು ನಮ್ಮಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದ ರೂಢಿ. ಒಮ್ಮೆ ಅದ್ದಿ ಜಾಡಿಸಿದರೆ ಸಾಕೆಂಬ ಆ ನಂಬಿಕೆಯ ಬಗ್ಗೆಯೇ ಬರೆಯುತ್ತಿದ್ದೇನೆ.

ಒಂದು ರಾತ್ರಿ ಊಟಕ್ಕೆ ಕುಳಿತಿದ್ದ 11 ವರ್ಷದ ಮಗ, "ಅಪ್ಪಾ, ಕೈ ಹೆಂಗೋ ಆಗ್ಲತ್ತದ" ಎಂದ. ಮೊದಲು ಬಲಗೈಯ ಹೆಬ್ಬೆರಳು ಅದುರಿತು, ನಂತರ ಮಣಿಕಟ್ಟು, ಆಮೇಲೆ ಬಾಯಿಯ ಬಲತುದಿ. ಹಿಡಿದಿದ್ದ ರೊಟ್ಟಿಯ ತುಂಡು ಬೆರಳುಗಳ ನಡುವೆಯೇ ಪುಡಿಯಾಯಿತು. ಓಡಿ ಬಂದ ನೆರೆಯವರಲ್ಲಿ ಒಬ್ಬರು ಕೈಗೆ ಕಬ್ಬಿಣದ ಕೀಲಿ ಹಿಡಿಸಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಅವುಗಳಿಂದ ಏನೂ ಉಪಯೋಗವಿಲ್ಲವೆಂದೂ, ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ ಆಸ್ಪತ್ರೆಗೆ ಒಯ್ಯಬೇಕೆಂದೂ ನಮಗೆ ತಿಳಿದದ್ದು ಆಮೇಲೆ.

ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ಉಂಗುರದಂತಹ ಒಂದು ಗುರುತು ಕಂಡಿತು. ಮೊದಲು ತೋರಿಸಿದ ಕಡೆ ಅದನ್ನು ಕ್ಷಯದ ಗಂಟು ಎಂದು ಶಂಕಿಸಿದರು. ಮನಸ್ಸು ಒಪ್ಪದೆ ಸೊಲ್ಲಾಪುರಕ್ಕೆ ಹೋಗಿ ಎಂಆರ್‌ಐ ಮಾಡಿಸಿದಾಗ, ನರರೋಗ ತಜ್ಞರು ಆ ಉಂಗುರದೊಳಗಿನ ಸಾಸಿವೆಗಿಂತ ಚಿಕ್ಕ ಚುಕ್ಕೆಯೊಂದನ್ನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅದು ಲಾಡಿಹುಳುವಿನ ಮರಿಯ ತಲೆ. "ನಮ್ಮ ಮನ್ಯಾಗ ತತ್ತಿ ಸೈತ ತರಲ್ರೀ ಸಾಹೇಬ್ರ" ಎಂದು ನನ್ನ ತಾಯಿ ಅಳುತ್ತಾ ಹೇಳಿದರು.

ಸಸ್ಯಾಹಾರಿಗಳಿಗೆ ಈ ರೋಗ ತಗಲದು ಎಂಬುದೇ ದೊಡ್ಡ ತಪ್ಪು ತಿಳಿವಳಿಕೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಈ ಹುಳು ಬೆಳೆಯುತ್ತದೆ. ಅವರ ಮಲದಲ್ಲಿ ಹೊರಬೀಳುವ ತತ್ತಿಗಳು ಬಯಲು, ಹಳ್ಳ, ಚರಂಡಿಯ ನೀರಿನ ಮೂಲಕ ಸೊಪ್ಪಿಗೆ ಅಂಟಿ, ಮಾಂಸವನ್ನೇ ಮುಟ್ಟದವರ ಹೊಟ್ಟೆ ಸೇರುತ್ತವೆ. ಅಲ್ಲಿ ತತ್ತಿಯೊಡೆದು ಬಂದ ಮರಿ ಕರುಳಿನ ಗೋಡೆ ತೂರಿ, ರಕ್ತದ ಜೊತೆ ಸಾಗಿ, ಸ್ನಾಯು, ಕಣ್ಣು ಅಥವಾ ಮಿದುಳಿನಲ್ಲಿ ಚೀಲ ಕಟ್ಟಿಕೊಂಡು ಕೂರುತ್ತದೆ. ಈ ಹುಳುವಿನ ಹಾವಳಿ ಇರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆ ರೋಗದ ಸುಮಾರು ಶೇ. 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತತ್ತಿ ಹೊಟ್ಟೆ ಸೇರಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಮೂರ್ಛೆ ಬರುವುದರಿಂದ, ಯಾವ ಸಂತೆಯ ಯಾವ ಸಿವುಡಿನಿಂದ ಬಂತೆಂದು ನಾನು ಹೇಳಲಾರೆ. ನೀರಿನಿಂದಲೂ, ಶೌಚದ ನಂತರ ಕೈ ತೊಳೆಯದೆ ಅಡುಗೆ ಮಾಡಿದವರಿಂದಲೂ ಬರಬಹುದಿತ್ತು. ಆದರೆ ವೈದ್ಯರ ಸಲಹೆಯಂತೆ ಮನೆಯವರೆಲ್ಲರ ಮಲಪರೀಕ್ಷೆ ಮಾಡಿಸಿದಾಗ ಲಾಡಿಹುಳು ಯಾರಲ್ಲೂ ಸಿಗಲಿಲ್ಲ, ನನ್ನ ಹೆಂಡತಿ ಮತ್ತು ತಾಯಿ ಇಬ್ಬರಲ್ಲೂ ದುಂಡುಹುಳುವಿನ ತತ್ತಿಗಳು ಸಿಕ್ಕವು. ಮಲ ಬೆರೆತ ಮಣ್ಣು ನಮ್ಮ ತಟ್ಟೆಯವರೆಗೆ ಬರುತ್ತಿತ್ತು ಎಂಬುದರಲ್ಲಿ ಆಮೇಲೆ ನನಗೆ ಸಂಶಯ ಉಳಿಯಲಿಲ್ಲ.

ಒಂದು ನಸುಕಿನಲ್ಲಿ ಸಂತೆಗೆ ಹೋಗಿ ನಿಂತು ನೋಡಿದೆ. ಸೊಪ್ಪಿನ ಮೂಟೆಗಳನ್ನು ನೆಲಕ್ಕೆ ಸುರಿದು, ಬೇರಿನ ಕೆಸರು ಹೋಗಲೆಂದು ಒಂದೇ ಬಾನಿಯ ನೀರಿನಲ್ಲಿ ನೂರಾರು ಸಿವುಡು ಅದ್ದುತ್ತಿದ್ದರು. ನೀರು ಚಹಾದ ಬಣ್ಣಕ್ಕೆ ತಿರುಗಿದರೂ ಬದಲಿಸಲಿಲ್ಲ. ಆ ಬಾನಿಯನ್ನು ತುಂಬಿದ್ದು ಪಕ್ಕದ ನಾಲಾದಿಂದ. ಕೇಳಿದಾಗ ಮುದುಕಿಯೊಬ್ಬರು, "ನೀರು ಹೊಡೀದಿದ್ರ ಹನ್ನೊಂದರ ಬಿಸಲಿಗೆ ಬಾಡ್ತಾವಪ್ಪ, ಬಾಡಿದ್ದು ಯಾರು ಒಯ್ತಾರ?" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸೊಪ್ಪು ಮಾರುವವರಿಗೆ ಒಂದು ಶುದ್ಧ ನೀರಿನ ನಳವನ್ನೂ ಕೊಡದವರ ಮೇಲೆ ಬಂತು.

ಈ ತತ್ತಿಗಳಿಗೆ ಅಂಟುಗುಣ ಇರುವುದರಿಂದ ಒಮ್ಮೆ ಅದ್ದಿದರೆ ಬಿಡುವುದಿಲ್ಲ. ಉಪ್ಪುನೀರು, ವಿನೆಗರ್, ಕ್ಲೋರಿನ್ ಹನಿಗಳನ್ನು ನಂಬಿ ಕೂರುವಂತಿಲ್ಲ. ಅವು ಖಚಿತವಾಗಿ ಸಾಯುವುದು ಬೇಯಿಸಿದಾಗ ಮಾತ್ರ. ಹಸಿಯಾಗಿಯೇ ಬೇಕೆಂದರೆ ಬೇರು ಕತ್ತರಿಸಿ, ಎಲೆಗಳನ್ನು ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಒಂದೊಂದನ್ನೂ ಎರಡೂ ಬದಿ ಉಜ್ಜಿ ತೊಳೆಯಿರಿ. ಇದರಿಂದ ಅಪಾಯ ಕಡಿಮೆಯಾದೀತು, ಪೂರ್ತಿ ಹೋಗದು. ಊಟದ ಕೊನೆಗೆ ಮೇಲೆ ಉದುರಿಸುವ ಕೊತ್ತಂಬರಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಮಗುವಿಗೆ ಮೂರ್ಛೆ ಬಂದಿದ್ದರೆ, ಹುಳುವಿನ ದೋಷವೆಂದು ಅಂಗಡಿಯಿಂದ ಆಲ್ಬೆಂಡಜೋಲ್ ಎಂಬ ಜಂತುಹುಳು ಗುಳಿಗೆ ತಂದು ನೀವೇ ಕೊಡಬೇಡಿ. ಮಿದುಳಿನಲ್ಲಿರುವ ಮರಿ ಸಾಯುವಾಗ ಸುತ್ತ ಬಾವು ಬಂದು ಪರಿಸ್ಥಿತಿ ಕೆಡಬಹುದು. ನಮ್ಮ ಮಗನಿಗೆ ಬಾವು ತಡೆಯುವ ಸ್ಟಿರಾಯ್ಡ್ ಮೊದಲು ಶುರು ಮಾಡಿ, ಆಮೇಲೆ ಆ ಔಷಧ ಕೊಟ್ಟರು. ಶಾಲೆಯಲ್ಲಿ ಜಂತುಹುಳು ಗುಳಿಗೆ ಕೊಡುವ ದಿನವೂ ಅಂತಹ ಮಗುವಿನ ವಿಷಯವನ್ನು ಶಿಕ್ಷಕರಿಗೆ ಮೊದಲೇ ತಿಳಿಸಿ.

ಆರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಉಂಗುರ ಕರಗಿ, ಸುಣ್ಣಗಟ್ಟಿದ ಒಂದು ಬಿಳಿ ಚುಕ್ಕೆ ಉಳಿದಿದೆ. ಮೂರ್ಛೆಯ ಗುಳಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಇನ್ನೂ ನಡೆದಿದೆ. ಹಕ್ಕರಕಿ ಬೇಕೆಂದು ಮಗ ಈಗಲೂ ಕೇಳುತ್ತಾನೆ. ಅವನ ಅಜ್ಜಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಬೇಯಿಸಿಯೇ ಬಡಿಸುತ್ತಾರೆ.