ಬೈಬಲ್ ಚಿತ್ರಪುಸ್ತಕ: ರಟ್ಟಿನದೋ, ದಪ್ಪದೋ, ಪಿನ್ನು ಹೊಡೆದದ್ದೋ?

ಮನೆಯಲ್ಲಿ ನಾಲ್ಕು ವರ್ಷದ ಮಗಳು, ಎರಡು ತುಂಬದ ಮಗ. ಇಬ್ಬರಿಗೂ ಆಗುವಂಥ ಬೈಬಲ್ ಚಿತ್ರಪುಸ್ತಕ ಹಾಸನದ ಅಂಗಡಿಗಳಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಹಾಗಾಗಿ ಒಂದೊಂದು ಕಡೆಯಿಂದ ಒಂದೊಂದು ಥರದ್ದು ಮನೆ ಸೇರಿತು. ಆನ್‌ಲೈನಿನಲ್ಲಿ ತರಿಸಿದ, ಪುಟಪುಟದಲ್ಲೂ ಪುಟ್ಟ ಕಿಟಕಿ ತೆರೆದು ನೋಡುವ ಇಂಗ್ಲಿಷಿನ ರಟ್ಟಿನ ಪುಸ್ತಕ. ಬೆಂಗಳೂರಿನ ಅಕ್ಕ ಕೊಟ್ಟ, ಬೈಬಲಿನ ಮೊದಲ ಭಾಗ ಆದಿಕಾಂಡದಿಂದ ಕೊನೆವರೆಗೂ ಕಥೆ ಇರುವ ದಪ್ಪ ಇಂಗ್ಲಿಷ್ ಪುಸ್ತಕ. ಚರ್ಚಿನ ಹಬ್ಬದ ದಿನ ಸ್ಟಾಲಿನಲ್ಲಿ ಕೊಂಡ, ಒಂದಕ್ಕೆ ಒಂದೇ ಕಥೆ ಇರುವ, ಪಿನ್ನು ಹೊಡೆದ ಕನ್ನಡದ ತೆಳು ಪುಸ್ತಕಗಳು. ನನ್ನ ಓಟು ತೆಳು ಪುಸ್ತಕಗಳಿಗೆ. ಆದರೆ ಅವುಗಳ ಚಿತ್ರಗಳ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಹೇಳುತ್ತೇನೆ.

ಜಲಪ್ರಳಯದಿಂದ ಪ್ರಾಣಿಗಳನ್ನು ಉಳಿಸಲು ದೋಣಿ ಕಟ್ಟಿದ ನೋಹನ ಕಥೆ ಮೂರರಲ್ಲೂ ಇದೆ. ರಟ್ಟಿನ ಪುಸ್ತಕದಲ್ಲಿ ಸ್ನಾನದ ಟಬ್ಬಿನಂಥ ದೋಣಿ, ಮೇಲೆ ಜಿರಾಫೆ ಕತ್ತು. ಮಗನಿಗೆ ಇದೇ ಸಾಕು. ಕಿಟಕಿ ತೆಗೆದ, ಆನೆ ಕಂಡಿತು, ಕೇಕೆ ಹಾಕಿದ. ದಪ್ಪ ಪುಸ್ತಕ ದೋಣಿ ತುಂಬಾ ತುಂಬಾ ದೊಡ್ಡದು ಅಂತ ಹೇಳಿ ಮುಂದೆ ಹೋಗುತ್ತದೆ. ಕನ್ನಡದ್ದು ಮಾತ್ರ ಆದಿಕಾಂಡದ 6ನೇ ಅಧ್ಯಾಯದ ಅಳತೆಯನ್ನೇ ಕೊಡುತ್ತದೆ: 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಅಂದಾಜು 450 ಅಡಿ ಉದ್ದ. ಅಡಿ ಲೆಕ್ಕ ನನ್ನ ಮಗಳಿಗೆ ತಿಳಿಯದು, ಮೊಳ ಗೊತ್ತು. ಮರಿಯ ಮಾತೆಯ ಪ್ರತಿಮೆಗೆ ಹೂವು ಕೊಳ್ಳುವಾಗ ಹೂವಿನ ಅಜ್ಜಿ ಮೊಳ ಹಾಕುವುದನ್ನು ದಿನಾ ನೋಡುತ್ತಾಳೆ. ಪುಸ್ತಕ ಅಲ್ಲೇ ಬಿಟ್ಟು ಮೊಣಕೈ ಊರಿ ಹಜಾರದ ಗೋಡೆ ಅಳೆಯಲು ಹೊರಟಳು. ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ, ಮತ್ತೆ ಒಂದರಿಂದ ಶುರು. ಗೋಡೆ ಮುಗಿಯಿತು, ದೋಣಿ ಮುಗಿಯಲಿಲ್ಲ.

ಅದೇ ಪುಸ್ತಕದಲ್ಲಿ ಮನೆಗಳ ಮಾಡಿನವರೆಗೂ ನೀರು ಬಂದ ಒಂದು ಪುಟವಿದೆ. ಅದನ್ನು ನೋಡಿ, "ಅಮ್ಮಾ, ಶೆಟ್ಟಿಹಳ್ಳಿ ಚರ್ಚು ಮುಳುಗಿದ್ದೂ ಈ ಮಳೆಗೇನಾ?" ಅಂದಳು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಿಗೆಗೆ ಮೇಲೆ ಕಾಣುತ್ತದೆ. ಹೇಮಾವತಿ, ಅಣೆಕಟ್ಟು, ಊರು ಬಿಟ್ಟವರು ಅಂತ ಆ ರಾತ್ರಿ ಮಾತು ಎಲ್ಲೆಲ್ಲಿಗೋ ಹೋಯಿತು. ರಟ್ಟಿನ ಪುಸ್ತಕದಿಂದ ಇಂಥ ಪ್ರಶ್ನೆ ಹುಟ್ಟುವುದಿಲ್ಲ. ಅಲ್ಲಿ ನೀರು ಯಾರನ್ನೂ ಮುಳುಗಿಸುವುದಿಲ್ಲ, ದೋಣಿ ಕೆಳಗೆ ಸುಮ್ನೆ ನೀಲಿ ಬಣ್ಣ.

ಶಿಲುಬೆಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ರಟ್ಟಿನ ಪುಸ್ತಕದಲ್ಲಿ ಯೇಸು ಕತ್ತೆ ಮೇಲೆ ಬರುತ್ತಾರೆ, ಪುಟ ತಿರುಗಿಸಿದರೆ ಸಮಾಧಿ ಖಾಲಿ. ನಡುವೆ ಏನೂ ಇಲ್ಲ. ಮಕ್ಕಳು ಹೆದರಬಾರದು ಅಂತ ಇರಬಹುದು. ಆದರೆ ನಮ್ಮ ಮನೆ ಗೋಡೆ ಮೇಲೇ ಶಿಲುಬೆ ಇದೆಯಲ್ಲ! ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ, ಯೇಸುವಿನ ಕೊನೆಯ ಪಯಣವನ್ನು ನೆನೆಯುವ ಶಿಲುಬೆಹಾದಿ ಪ್ರಾರ್ಥನೆಗೆ ಕರೆದುಕೊಂಡು ಹೋದರೆ ಚರ್ಚಿನ ಗೋಡೆಯಲ್ಲಿ ಹದಿನಾಲ್ಕು ಚಿತ್ರ. ಅವಳು ನೋಡಿಯೇ ನೋಡುತ್ತಾಳೆ. ಕನ್ನಡದ್ದು ಇದಕ್ಕೆ ಉಲ್ಟಾ: ಮೊಳೆ, ರಕ್ತ, ಚಾಟಿ, ಎಲ್ಲಾ ಹತ್ತಿರದಿಂದಲೇ. ಆ ಒಂದು ಪುಸ್ತಕವನ್ನು ಸದ್ಯಕ್ಕೆ ಬೀರು ಮೇಲೆ ಇಟ್ಟಿದ್ದೇನೆ. ಇಲ್ಲಿ ಗೆದ್ದದ್ದು ದಪ್ಪ ಪುಸ್ತಕ. ದೂರದ ಗುಡ್ಡ, ಮೂರು ಶಿಲುಬೆ, ಕತ್ತಲಾದ ಆಕಾಶ, ಕೆಳಗೆ ನಿಂತ ತಾಯಿಯ ಬೆನ್ನು. ಮಗಳು ಆ ಬೆನ್ನಿನ ಮೇಲೆ ಬೆರಳಿಟ್ಟು, "ಅವರ ಅಮ್ಮ ಅಲ್ವಾ?" ಎಂದಳು. ಅಷ್ಟೇ ಕೇಳಿದ್ದು.

ಈಗ ನನ್ನ ಸಿಟ್ಟು. ಮಾತು ಕನ್ನಡದ್ದಾದರೂ ಈ ತೆಳು ಪುಸ್ತಕಗಳಲ್ಲಿ ಯೇಸುವಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಬೆತ್ಲೆಹೇಮಿನ ಕುರುಬರೂ ಬಿಳಿಬಿಳಿ. ಎಲ್ಲಿಂದಲೋ ತಂದ ಹಳೆ ಚಿತ್ರಕ್ಕೆ ನಮ್ಮ ಮಾತು ಅಂಟಿಸಿದ ಹಾಗಿದೆ. ಹೊರದೇಶದಿಂದ ಬಂದ ದಪ್ಪ ಪುಸ್ತಕದಲ್ಲಿ ಎಲ್ಲರೂ ಗೋಧಿ ಬಣ್ಣದವರು, ಕಪ್ಪು ಕೂದಲಿನವರು. ಇಲ್ಲಿ ಅಚ್ಚಾಗುವ ಪುಸ್ತಕಕ್ಕೆ ಅಷ್ಟು ಮಾಡಲು ಆಗದೇ? ರಟ್ಟಿನದರಲ್ಲಿ ಹುಟ್ಟಿದ ಯೇಸುವನ್ನು ನೋಡಲು ಮೂವರು ಜ್ಞಾನಿಗಳು ದನದ ಕೊಟ್ಟಿಗೆಗೇ ಬಂದು ಕೂತಿದ್ದಾರೆ. ಬೈಬಲಿನಲ್ಲಿ ಈ ಕಥೆ ಹೇಳುವ ಮತ್ತಾಯನ ಪ್ರಕಾರ ಅವರು ಬಂದದ್ದು ಮನೆಗೆ, ಎಷ್ಟು ಜನ ಅಂತಲೂ ಅವನು ಬರೆದಿಲ್ಲ. ಹೋಗಲಿ, ಕ್ರಿಸ್‌ಮಸ್‌ಗೆ ಬೊಂಬೆ ಜೋಡಿಸುವ ನಮ್ಮ ಗೋದಲಿಯಲ್ಲೂ ಹಾಗೇ ಇಡುತ್ತೇವೆ.

ಬಾಳಿಕೆಗೆ ರಟ್ಟಿನದೇ ಸೈ ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಸಕಲೇಶಪುರದ ಅಜ್ಜಿ ಮನೆಗೆ ಹೋಗಿ ಬಂದ ಮೇಲೆ ಅಂಟು ಬಿಟ್ಟು ಪದರ ಪದರ ಎದ್ದಿತು. ಕಿಟಕಿಗಳಲ್ಲಿ ಅರ್ಧ ಮಗನ ಬಾಯಿಗೆ ಹೋಗಿದ್ದವು. ತೆಳು ಪುಸ್ತಕ ಹರಿದರೆ ಮೂವತ್ತು ರೂಪಾಯಿ ಒಳಗೆ ಇನ್ನೊಂದು ಬರುತ್ತದೆ. ಪಿನ್ನು ಮಾತ್ರ ಕಿತ್ತು, ದಾರ ಹಾಕಿ ಹೊಲಿದುಬಿಡಿ.

ಮಲಗುವ ಹೊತ್ತಿಗೆ ದಪ್ಪ ಪುಸ್ತಕ ಕಷ್ಟ. ಒಂದು ಸಾಲು ಇಂಗ್ಲಿಷ್ ಓದಿ, ಕನ್ನಡಕ್ಕೆ ತಿರುಗಿಸಿ, ಮತ್ತೆ ಓದುವಷ್ಟರಲ್ಲಿ ನನಗೇ ತೂಕಡಿಕೆ. ಕಳೆದುಹೋದ ಕುರಿಯ ತೆಳು ಪುಸ್ತಕವಾದರೆ ಪುಟಕ್ಕೆ ಎರಡೇ ಸಾಲು. ಉಳಿದದ್ದನ್ನು ಮಗಳೇ ಹೇಳುತ್ತಾಳೆ. ಕುರುಬ ಆ ಒಂದನ್ನು ಹುಡುಕಲು ಹೋದಾಗ ಉಳಿದ ತೊಂಬತ್ತೊಂಬತ್ತು ಕುರಿಗಳನ್ನು ಯಾರು ನೋಡಿಕೊಂಡರು ಅನ್ನುವುದಕ್ಕೂ ಅವಳ ಹತ್ತಿರ ಉತ್ತರವಿದೆ: ನಾಯಿ.

ಜ್ಞಾನಸ್ನಾನಕ್ಕೆ ಉಡುಗೊರೆ ಕೊಡುವವರು ದಪ್ಪ ಪುಸ್ತಕವನ್ನೇ ಆರಿಸುತ್ತಾರೆ, ಕೊಡುವಾಗ ಗತ್ತಾಗಿ ಕಾಣುತ್ತದೆ. ಮಗುವಿಗೆ ಆರೇಳು ವರ್ಷ ಆಗುವವರೆಗೆ ಅದು ಬೀರುವಿನಲ್ಲೇ ಇರುತ್ತದೆ. ಅದೇ ದುಡ್ಡಿಗೆ ತೆಳು ಪುಸ್ತಕಗಳ ಒಂದು ಕಟ್ಟು ಕೊಡಿ, ಜೊತೆಗೆ ಒಂದು ಡಬ್ಬಿ ಕ್ರೇಯಾನ್ ಇಡಿ. ನಮ್ಮ ಮನೆಯ ಪುಸ್ತಕದಲ್ಲಿ ಯೇಸುವಿನ ಕೂದಲಿಗೆ ಆಗಲೇ ಕಪ್ಪು ಬಳಿದಾಗಿದೆ.