ಏರ್ ಪಿಸ್ತೂಲಿಗೆ ಬೀಟೆ ಗ್ರಿಪ್: ಮೂರು ವರ್ಷ ಬಳಸಿದ ಮೇಲೆ

10 ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆಯ ಏರ್ ಪಿಸ್ತೂಲಿಗೆ ಬೀಟೆ ಮರದ ಗ್ರಿಪ್ (ಹಿಡಿ) ಮಾಡಿಸಬೇಕು ಅಂತಿದ್ದರೆ ಮೊದಲು ಇದನ್ನು ತಿಳಿದುಕೊಳ್ಳಿ: ಈ ಮರದ ಪುಡಿ ಮೈಗೆ ಆಗಿಬರುವುದಿಲ್ಲ. ಮೈಸೂರಿನಲ್ಲಿ ಬೀಟೆಯ ಮೇಲೆ ಇನ್‌ಲೇ ಕೆಲಸ ಮಾಡುವ ಪಳಗಿದ ಕೈಗಳಿವೆ, ಹಳೇ ಗ್ರಿಪ್ ಮುಂದಿಟ್ಟರೆ ಅಚ್ಚಿನ ಹಾಗೆ ಕೆತ್ತಬಲ್ಲವು. ತೊಂದರೆ ಶುರುವಾಗುವುದು ಆಮೇಲೆ. ಗ್ರಿಪ್ ಕೈಗೆ ಕೂರುವ ತನಕ ತಿಂಗಳುಗಟ್ಟಲೆ ಅರ ಹಾಕುತ್ತಲೇ ಇರಬೇಕು. ಪ್ರತಿ ಸಲ ಎದ್ದ ಪುಡಿ ಬೆವರಿಗೆ ಅಂಟಿ ಮಣಿಕಟ್ಟಿನಲ್ಲಿ, ಬೆರಳ ಸಂದಿಯಲ್ಲಿ ತುರಿಕೆ, ಕೆಂಪು ಗುಳ್ಳೆ. ಬೀಟೆಯಲ್ಲಿರುವ ಡಾಲ್‌ಬರ್ಜಿಯೋನ್ ಎಂಬ ರಾಸಾಯನಿಕದ ಕೆಲಸ ಇದು. ಒಮ್ಮೆ ಅಲರ್ಜಿ ಹತ್ತಿತೆಂದರೆ ಮುಂದೆ ಚಿಟಿಕೆ ಪುಡಿಗೂ ಚರ್ಮ ಕೆರಳುತ್ತದೆ. ಮಾಸ್ಕ್ ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಪುಡಿಯನ್ನು ಊದದೆ ಒದ್ದೆ ಬಟ್ಟೆಯಲ್ಲೇ ಒರೆಸಿ.

ಎರಡನೇ ಕಿರಿಕಿರಿ ಎಣ್ಣೆಯದು. ಗ್ರಿಪ್‌ಗಳಿಗೆ ಸಾಮಾನ್ಯವಾಗಿ ಬಳಸುವ ವಾಲ್‌ನಟ್ ಮರಕ್ಕೆ ಒಪ್ಪುವ ಅಗಸೆ ಎಣ್ಣೆ ಬೀಟೆಗೆ ಒಪ್ಪುವುದಿಲ್ಲ. ಮರದೊಳಗಿನ ಅಂಶಗಳೇ ಎಣ್ಣೆ ಒಣಗದಂತೆ ತಡೆಯುತ್ತವೆ, ವಾರಗಳಾದರೂ ಅಂಟಂಟು. ಅಸಿಟೋನ್‌ನಲ್ಲಿ ಒರೆಸಿ, ಅರಗಿನ ಪಾಲಿಶ್ ಮೂರು ತೆಳು ಕೋಟ್ ಕೊಡುವುದೇ ದಾರಿ. ಅಂಗೈ ಕೂರುವ ಜಾಗಕ್ಕೆ ಒಂದೇ ಕೋಟ್ ಸಾಕು, ದಪ್ಪವಾದರೆ ಜಾರುತ್ತದೆ. ಅರಗು ಆಲ್ಕೋಹಾಲ್‌ನಲ್ಲಿ ಕರಗುವುದರಿಂದ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಈ ಗ್ರಿಪ್ ಹಿಡಿಯಲೇಬೇಡಿ. ಬೆರಳಚ್ಚು ಹಾಗೇ ಮೂಡಿಬಿಡುತ್ತದೆ.

ಇಷ್ಟು ದೂರಿದ ಮೇಲೂ ಅದೇ ಗ್ರಿಪ್ ಇವತ್ತಿಗೂ ಪಿಸ್ತೂಲಿನಲ್ಲೇ ಇರುವುದಕ್ಕೆ ಕಾರಣವಿದೆ. ನಮ್ಮ ಕಡೆ ಮಾರ್ಚ್‌ನಲ್ಲಿ ಮರ ಒಣಗಿ ಕುಗ್ಗುತ್ತದೆ, ಜೂನ್ ದಾಟಿದ ಮೇಲೆ ಹಿಗ್ಗುತ್ತದೆ. ವಾಲ್‌ನಟ್ ಗ್ರಿಪ್ಪಿನ ಬೋಲ್ಟನ್ನು ಬೇಸಿಗೆಯಲ್ಲಿ ಆಗಾಗ ಅಲೆನ್ ಕೀ ಹಾಕಿ ನೋಡುತ್ತಿರಬೇಕು. ಬೀಟೆ ಅಷ್ಟು ಅಲುಗುವುದಿಲ್ಲ. ಇದು ಸಣ್ಣ ಲಾಭವೇನಲ್ಲ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ, ಮುಂದೆ ಇರುವ ಎರಡು ಸೈಟ್‌ಗಳ ನಡುವೆ 320 ಮಿ.ಮೀ. ಇದ್ದರೆ, ಮುಂದಿನ ಸೈಟ್ 0.1 ಮಿ.ಮೀ. ಸರಿದರೂ ಗುರಿಯಲ್ಲಿ 3 ಮಿ.ಮೀ. ತಪ್ಪುತ್ತದೆ. ಹತ್ತು ಅಂಕ ಕೊಡುವ ನಡುವಿನ ವೃತ್ತದ ವ್ಯಾಸವೇ 11.5 ಮಿ.ಮೀ. 75 ನಿಮಿಷದಲ್ಲಿ 60 ಗುಂಡು ಹೊಡೆಯುವಾಗ ಪ್ರತಿ ಸಲವೂ ಕೈ ಅದೇ ಜಾಗದಲ್ಲಿ ಕೂತರೆ ಮಾತ್ರ ಅಂಕ.

ಕೂರಿಸುವ ಕೆಲಸಕ್ಕೆ ಅವಸರ ಸಲ್ಲದು. ವಾಲ್‌ನಟ್ ಮೇಲಾದರೆ ಅಂಗೈಗೆ ಕಾಡಿಗೆ ಸವರಿಕೊಂಡರೆ ಗುರುತು ಬೀಳುತ್ತದೆ. ಕಪ್ಪು ಬೀಟೆಯ ಮೇಲೆ ಅದು ಕಾಣದು, ಬಿಳಿ ಸೀಮೆಸುಣ್ಣದ ಪುಡಿಯೇ ಬೇಕು. ಪುಡಿ ಸವರಿ, ಗುಂಡು ಹೊಡೆಯುವಷ್ಟೇ ಬಿಗಿಯಲ್ಲಿ ಐದು ಸಲ ಹಿಡಿದು ಬಿಡಿ. ದಟ್ಟವಾಗಿ ಬೆಳ್ಳಗಾದ ಕಡೆ ಕೈ ಒತ್ತುತ್ತಿದೆ ಎಂದರ್ಥ. ಅಲ್ಲಿ ಮಾತ್ರ ಅರ್ಧಗೋಲದ ಅರದಿಂದ ಮೂರು ನಾಲ್ಕು ಎಳೆತ. ಮತ್ತೆ 20 ಗುಂಡು ಹೊಡೆದು ನೋಡದೆ ಮುಂದಿನ ಅರ ಬೇಡ. ಟ್ರಿಗರ್ ಬೆರಳಿನ ಬುಡ ಮರಕ್ಕೆ ತಾಗಬಾರದು, 2 ಮಿ.ಮೀ. ಸಂದು ಬಿಡಿ. ಕೊನೆಗೆ ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನದರ ನಡುವೆ ತಾನಾಗಿ ಬಂದು ನಿಂತಿರಬೇಕು.

ಹೆಚ್ಚು ತೆಗೆದುಬಿಟ್ಟರೆ ತುಂಬಿಸಬಹುದು. ಎಪಾಕ್ಸಿ ಪುಟ್ಟಿ ಬೀಟೆಗೆ ಹಿಡಿಯದೆ ಬಿಲ್ಲೆಬಿಲ್ಲೆಯಾಗಿ ಏಳುವುದಕ್ಕೆ ಮರದ ಎಣ್ಣೆಯಂಶವೇ ಕಾರಣ. 80 ನಂಬರ್ ಉಪ್ಪುಕಾಗದದಿಂದ ಗೀರಿ, ಅಸಿಟೋನ್‌ನಲ್ಲಿ ಒರೆಸಿ, ಕಾಲು ಗಂಟೆಯೊಳಗೆ ಹಚ್ಚಬೇಕು. ಒಂದು ಸಲಕ್ಕೆ 2–3 ಮಿ.ಮೀ. ಮೀರಬೇಡಿ. ಕೈಗೆ ಗ್ಲೌಸ್, ಪುಟ್ಟಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಸ್ವಲ್ಪ ಗಟ್ಟಿಯಾದ ಮೇಲೆ ಹಿಡಿದು ಅಚ್ಚು ಮೂಡಿಸಿ ಒಂದು ದಿನ ಮುಟ್ಟದೆ ಇಡಿ.

ಬೇರೆ ವಸ್ತುಗಳ ಬಗ್ಗೆ ಹೇಳುವುದು ಕಡಿಮೆ. ರಬ್ಬರ್ ಒತ್ತಿದಷ್ಟೂ ಅದುಮಿಕೊಳ್ಳುತ್ತದೆ, ಈ ಆಟಕ್ಕೆ ಬೇಡವೇ ಬೇಡ. ಜಿ10 (ಗಾಜಿನ ನಾರಿಗೆ ಎಪಾಕ್ಸಿ ಸೇರಿಸಿ ಮಾಡಿದ ಹಲಗೆ) ಹವೆಗೆ ಜಗ್ಗುವುದಿಲ್ಲ, ಆದರೆ ಅದರ ಪುಡಿ ಗಾಜಿನದು, ಮನೆಯಲ್ಲಿ ಅರ ಹಾಕುವಂಥದ್ದಲ್ಲ. ತೇಗ ಎಣ್ಣೆಮರ, ಬೆವರುವ ಕೈಗೆ ಜಾರುತ್ತದೆ.

ಕೈ ಇನ್ನೂ ಬೆಳೆಯುತ್ತಿರುವ ಹುಡುಗ ಹುಡುಗಿಯರಿಗೆ, ತಿಂಗಳಿಗೊಮ್ಮೆ ಅರ ಹಿಡಿಯುವವರಿಗೆ ವಾಲ್‌ನಟ್ಟೇ ಸರಿ. ಹಿಡಿತ ನೆಲೆಗೊಂಡವರು ಬೀಟೆಗೆ ಹೋಗಬಹುದು, ಹೊರದೇಶದ ಗ್ರಿಪ್ಪಿನ ಸಾಗಣೆ, ಸುಂಕ ಎರಡೂ ಉಳಿಯುತ್ತವೆ. ಅದೇ ಅಳತೆಯ ವಾಲ್‌ನಟ್‌ಗಿಂತ ತೂಕ ಮೂರನೇ ಒಂದು ಭಾಗದಷ್ಟು ಹೆಚ್ಚು. ಸ್ಪರ್ಧೆಯ ನಿಯಮದಂತೆ ಪಿಸ್ತೂಲು ಒಟ್ಟು 1500 ಗ್ರಾಂ ದಾಟುವಂತಿಲ್ಲ. ಪುಟ್ಟಿ ತುಂಬಿಸಿದವರು ಪಂದ್ಯಕ್ಕೆ ಮುಂಚೆ ಅಗಲವನ್ನೂ ಅಳೆದುಕೊಳ್ಳಿ. ತಪಾಸಣೆಯಲ್ಲಿ ಪಿಸ್ತೂಲು 420 x 200 x 50 ಮಿ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಕೂರಬೇಕು, ಕೈಯಿಂದ ಮಾಡಿದ ಗ್ರಿಪ್‌ಗಳು ಸಿಕ್ಕಿಬೀಳುವುದು ಆ 50ರಲ್ಲೇ.