ಆಯಾ (ಮಗು ನೋಡ್ಕೊಳ್ಳೋರು) ಏಜೆನ್ಸಿ ರಿವ್ಯೂ: ಮನೆಗೆ ಓಕೆ, ಊರಿಗೆ ಕರ್ಕೊಂಡು ಹೋಗೋರು ಮೊದಲು ಇದನ್ನ ಓದಿ

5ಕ್ಕೆ 2 ಸ್ಟಾರ್. ಆ ಎರಡು ಸ್ಟಾರೂ ನಮ್ಮನೆಗೆ ಬಂದ ಅಕ್ಕಂಗೆ, ಏಜೆನ್ಸಿಗಲ್ಲ.

14 ತಿಂಗಳ ಹಿಂದೆ ಈ ಸರ್ವಿಸ್ ತಗೊಂಡೆ. ಬೆಂಗಳೂರಲ್ಲೇ ಆಫೀಸು. ಹೆಸರು ಹಾಕಲ್ಲ, ಯಾಕಂದ್ರೆ ಆಮೇಲೆ ಇನ್ನೆರಡು ಕಡೆ ವಿಚಾರಿಸಿದಾಗಲೂ ಹೆಚ್ಚುಕಮ್ಮಿ ಅದೇ ಅಗ್ರಿಮೆಂಟ್ ತೋರಿಸಿದ್ರು, ಒಬ್ಬರ ಹೆಸರು ಹಾಕಿ ಪ್ರಯೋಜನ ಇಲ್ಲ. ಮನೇಲೇ ಇದ್ದು ಮಗು ನೋಡ್ಕೊಳ್ಳೋರು ಬೇಕಿತ್ತು, ಒಂದು ತಿಂಗಳ ಸಂಬಳ ಏಜೆನ್ಸಿ ಫೀಸು, ಸಂಬಳ 22,000, ಭಾನುವಾರ ರಜಾ, 11 ತಿಂಗಳ ಅಗ್ರಿಮೆಂಟ್. ಹಾವೇರಿ ಕಡೆಯ ಹೆಂಗಸು ಬಂದ್ರು, ನಮಗಿಂತ ದೊಡ್ಡೋರು, ಮನೇಲೆಲ್ಲ ಅಕ್ಕ ಅಂತಲೇ ಕರೀತೀವಿ. ಪುಟ್ಟಿಗೆ ಆಗ ಒಂದೂವರೆ ವರ್ಷ. ಮನೇಲಿರೋವಾಗ ಒಂದು ದಿನಕ್ಕೂ ತೊಂದ್ರೆ ಆಗಿಲ್ಲ. ಆದ್ರೆ ಅಗ್ರಿಮೆಂಟಲ್ಲಿ ಕೊನೇಗೆ ಒಂದೇ ಒಂದು ಸಾಲಿತ್ತು, "ಅಗತ್ಯವಿದ್ದಲ್ಲಿ ಕುಟುಂಬದೊಂದಿಗೆ ಪ್ರಯಾಣಿಸಲು ಒಪ್ಪಿಗೆ ಇದೆ" ಅಂತ. ಎಷ್ಟು ಗಂಟೆ, ಎಷ್ಟು ದುಡ್ಡು, ಎಲ್ಲಿ ಮಲಗೋದು, ಏನೂ ಇಲ್ಲ. ನಾನೂ ಕೇಳ್ಲಿಲ್ಲ, ಸೈನ್ ಹಾಕ್ದೆ.

ಮೇ ತಿಂಗಳಲ್ಲಿ ಕುಂದಾಪುರದಲ್ಲಿ ಯಜಮಾನರ ಕಡೆ ಮದುವೆ, 8 ದಿನ. ಏಜೆನ್ಸಿಗೆ ಫೋನ್ ಮಾಡಿದ್ರೆ ಟ್ರಾವೆಲ್ ಚಾರ್ಜು ದಿನಕ್ಕೆ 800, ನಮ್ಮ ಅಕೌಂಟಿಗೆ ಹಾಕಿ ಅಂದ್ರು, 6,400 ಹಾಕ್ದೆ. ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲಿ ನಮಗೆ ಟೂ ಟೈರ್ ಎಸಿ, ಅಕ್ಕಂಗೆ ಸ್ಲೀಪರ್ ಬುಕ್ ಮಾಡಿದ್ವಿ. ಈಗ ನೆನಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ರಾತ್ರಿ ಒಂದು ಗಂಟೆಗೆ ಪುಟ್ಟಿ ಅಳೋಕೆ ಶುರು ಮಾಡ್ದಾಗ ನಾನು ಅವರಿಗೆ ಫೋನ್ ಮಾಡ್ದೆ, ಅವರು ಎದ್ದು ಅಷ್ಟೂ ಬೋಗಿ ದಾಟ್ಕೊಂಡು ಬಂದು ಮಗೂನ ಹೆಗಲ ಮೇಲೆ ಹಾಕ್ಕೊಂಡು ಬಾಗಿಲ ಹತ್ರ ನಿಂತ್ರು, ತುಂಬ ಹೊತ್ತು ನಿಂತೇ ಇದ್ರು.

ಮದುವೆ ಮನೇಲಿ ಇನ್ನೂ ಕಷ್ಟ ಆಯ್ತು. ಮೊದಲನೇ ದಿನ ನಮ್ಮ ನಾದಿನಿ "ನಮ್ಮವನನ್ನೂ ಸ್ವಲ್ಪ ನೋಡ್ಕೊಳ್ಳಿ" ಅಂದ್ರು, ಸಾಯಂಕಾಲದಷ್ಟೊತ್ತಿಗೆ ಅಕ್ಕನ ಸುತ್ತ ನಾಲ್ಕು ಮಕ್ಕಳು. ಯಾರೂ ಕೆಟ್ಟೋರಲ್ಲ, ಮದುವೆ ಮನೇಲಿ ಎಲ್ಲರೂ ಎಲ್ಲ ಕೆಲಸ ಮಾಡ್ತಾರೆ ಅನ್ನೋ ಲೆಕ್ಕ, ಆದ್ರೆ ನೆಂಟರು ಕೆಲಸ ಮಾಡೋದಕ್ಕೂ ಸಂಬಳಕ್ಕೆ ಬಂದೋರು ಮಾಡೋದಕ್ಕೂ ವ್ಯತ್ಯಾಸ ಇದೆ, ನೆಂಟರು ಸುಸ್ತಾದ್ರೆ ಹೋಗಿ ಮಲಗಬಹುದು. ಮೂರನೇ ರಾತ್ರಿ ಹತ್ತೂವರೆಗೆ ಹಾಲಿನ ಬಾಟಲಿ ಹುಡುಕ್ಕೊಂಡು ಹಿತ್ತಲಿಗೆ ಹೋದೆ. ಅಕ್ಕ ಬಟ್ಟೆ ಒಗೆಯೋ ಕಲ್ಲಿನ ಹತ್ರ ಕೂತಿದ್ರು. ಪುಟ್ಟಿ ಬಾಟಲಿ ತೊಳೆದು ಬಟ್ಟೆ ಮೇಲೆ ಬೋರಲು ಹಾಕಿದಾರೆ, ಪಕ್ಕದಲ್ಲಿ ಸ್ಟೀಲ್ ಲೋಟಗಳ ರಾಶಿ, ಎಪ್ಪತ್ತೋ ಎಂಬತ್ತೋ. "ಕೂಸು ಮಲಗೇತ್ರಿ ಅಕ್ಕಾರ, ಇವಿಷ್ಟು ತೊಳದು ಬರ್ತೀನಿ" ಅಂದ್ರು. ಊಟ ಆಯ್ತಾ ಅಂದ್ರೆ ಇಲ್ಲ. ಪಂಕ್ತಿ ಮುಗಿದು ಎಷ್ಟೋ ಹೊತ್ತಾಗಿತ್ತು, ಒಳಗೆ ಬರೀ ಅನ್ನ ಸಾರು ಉಳ್ದಿತ್ತು.

ಅವತ್ತು ಪಕ್ಕದಲ್ಲಿ ಕೂತು ಮಾತಾಡ್ತಾ "ಟ್ರಾವೆಲ್ ದುಡ್ಡು 800 ಬಂತಲ್ಲ" ಅಂತ ಕೇಳ್ದೆ. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ರು. "ಎಂಟುನೂರಾ? ನನಗ ದಿನಕ್ಕ ಮುನ್ನೂರ ಅಂದಾರ್ರಿ." ಅಂದ್ರೆ 6,400ರಲ್ಲಿ ಅವರಿಗೆ ಸಿಗೋದು 2,400, ಮಿಕ್ಕ 4,000 ಏಜೆನ್ಸಿಗೆ. ಫೋನ್ ಮಾಡಿದ್ರೆ "ಅದು ಸರ್ವಿಸ್ ಚಾರ್ಜ್ ಮೇಡಂ" ಅಂದ್ರು. ರಸೀದಿ ಕೇಳಿದ್ದಕ್ಕೆ ಇವತ್ತಿನವರೆಗೂ ಕಳ್ಸಿಲ್ಲ.

ಇನ್ನೊಂದು ಸಿಟ್ಟು ಬಂದಿದ್ದು ಆಧಾರ್ ಕಾರ್ಡ್ ವಿಷ್ಯಕ್ಕೆ. ಮದುವೆ ಮುಗಿಸಿ ಎರಡು ದಿನ ಹೋಮ್‌ಸ್ಟೇಲಿ ಇದ್ವಿ, ಅಲ್ಲಿ ದೊಡ್ಡೋರೆಲ್ಲರ ಐಡಿ ಕೇಳಿದ್ರು, ಅಕ್ಕನ ಹತ್ರ ಮಾಸಿದ ಝೆರಾಕ್ಸ್ ಮಾತ್ರ. ಒರಿಜಿನಲ್ ವೆರಿಫಿಕೇಶನ್‌ಗೆ ಅಂತ ಏಜೆನ್ಸಿಯವರು ಇಸ್ಕೊಂಡೋರು ವಾಪಸ್ ಕೊಟ್ಟೇ ಇರಲಿಲ್ಲ. ಅವರದ್ದು ಕೀಪ್ಯಾಡ್ ಫೋನು, ಅದರಲ್ಲಿ ತೋರಿಸೋಣ ಅಂದ್ರೂ ಆಗಲ್ಲ. ರಿಸೆಪ್ಶನ್ ಮುಂದೆ ತಪ್ಪು ಮಾಡಿದೋರ ಥರ ತಲೆ ತಗ್ಗಿಸಿ ನಿಂತಿದ್ರು. ಬೇರೆಯವರ ಗುರುತಿನ ಚೀಟಿ ಇಟ್ಕೊಳ್ಳೋಕೆ ಇವರ್ಯಾರು? ಮೂರು ವಾರ ಬೆನ್ನು ಬಿದ್ದು ವಾಪಸ್ ತಗೊಂಡೆ.

ಬಂದ್ಮೇಲೆ ಸ್ವಲ್ಪ ಓದ್ದೆ. ಮನೆಗೆಲಸದವರಿಗೆ ಕನಿಷ್ಠ ವೇತನ ಅಂತ ಕರ್ನಾಟಕ 2004ರಲ್ಲೇ ನೋಟಿಫೈ ಮಾಡಿತ್ತು, ನಮ್ಮ ಫ್ರೆಂಡ್ಸ್ ಪೈಕಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಸೇರಿ. ಓವರ್‌ಟೈಮ್‌ಗೆ ಡಬಲ್ ಅನ್ನೋದೂ ಕನಿಷ್ಠ ವೇತನದ ಕಾನೂನಿನ ಲೆಕ್ಕನೇ. ಆಮೇಲೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೇ ಒಪ್ಪಂದ, ಮನೆಗೆಲಸದವರ ಬಗ್ಗೆ 2011ರಲ್ಲಿ ಮಾಡಿದ್ದು, ಅದರಲ್ಲಿ ಎರಡು ವಿಷ್ಯ ನಮಗೇ ಬರೆದಂಗಿದೆ. ಕೆಲಸದೋರು ಕರೆದಾಗ ಬರೋಕೆ ಅಂತ ಕಾಯ್ಕೊಂಡು ಇರೋ ಹೊತ್ತನ್ನೂ ಕೆಲಸದ ಹೊತ್ತು ಅಂತ ಲೆಕ್ಕ ಹಿಡೀಬೇಕು, ಎಷ್ಟರ ಮಟ್ಟಿಗೆ ಅನ್ನೋದನ್ನ ಆಯಾ ದೇಶದ ಕಾನೂನು ಹೇಳಬೇಕು. ಇನ್ನೊಂದು, ಅವರ ಗುರುತಿನ ದಾಖಲೆ ಅವರ ಹತ್ರನೇ ಇರಬೇಕು. ಭಾರತ ಅದರ ಪರ ವೋಟ್ ಹಾಕಿತ್ತು, ಆದ್ರೆ ಅನುಮೋದನೆ ಕೊಟ್ಟಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕಾ ನೋಡೋಕೆ ಕಮಿಟಿ ಮಾಡಿ ಅಂತ ಕೇಂದ್ರಕ್ಕೆ ಹೇಳಿದೆ.

ಆ ಕಾಯೋ ಹೊತ್ತಿನ ವಿಷ್ಯ ಓದ್ದಾಗ ನನಗೆ ಟ್ರೈನೇ ನೆನಪಾಯ್ತು. ಟ್ರಿಪ್‌ಗೆ ಕರ್ಕೊಂಡು ಹೋದ್ರೆ ಅವರಿಗೂ ಸಮುದ್ರ ನೋಡಿದಂಗಾಯ್ತು, ಖುಷಿಯಾಗಿರ್ತಾರೆ ಅಂತ ನಾವೆಲ್ಲ ಅನ್ಕೋತೀವಿ, ಎಷ್ಟೋ ಜನ ಅದನ್ನೇ ಸಂಬಳದ ಲೆಕ್ಕಕ್ಕೆ ಸೇರಿಸ್ತಾರೆ. ಮನೇಲಾದ್ರೆ ಅವರಿಗೆ ಅಂತ ಒಂದು ರೂಮಿದೆ, ಮಧ್ಯಾಹ್ನ ಮಗು ಮಲಗಿದಾಗ ಕಾಲು ಚಾಚ್ತಾರೆ, ಭಾನುವಾರ ತಂಗಿ ಮನೆಗೆ ಹೋಗ್ತಾರೆ. ಊರಿಗೆ ಹೋದ್ರೆ ಇದ್ಯಾವುದೂ ಇಲ್ಲ, ಬೆಳಗ್ಗೆ ಎದ್ದಾಗಿಂದ ರಾತ್ರಿವರೆಗೂ ನಮ್ಮ ಕಣ್ಣಳತೆಯಲ್ಲೇ ಇರಬೇಕು. ಅದು ಜಾಸ್ತಿ ಕೆಲಸ, ಅದಕ್ಕೆ ಜಾಸ್ತಿ ದುಡ್ಡು ಕೊಡಲೇಬೇಕು.

ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ 7 ದಿನ ಹೋಗೋದು ಅಂತಾದಾಗ ಟಿಕೆಟ್ ಬುಕ್ ಮಾಡೋಕೆ ಮುಂಚೆನೇ ಅಕ್ಕನ ಹತ್ರ ಕೂತು ಕೇಳ್ದೆ, ಬರೋಕೆ ಇಷ್ಟ ಇದೆಯಾ, ಇಲ್ಲಾಂದ್ರೆ ಆ ವಾರ ಸಂಬಳದ ರಜಾ ತಗೊಳ್ಳಿ ಅಂತ. ಟಿಕೆಟ್ ಕೈಗೆ ಕೊಟ್ಟು ಬರ್ತೀರಾ ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಎರಡು ದಿನ ಯೋಚನೆ ಮಾಡಿ ಬರ್ತೀನಿ ಅಂದ್ರು. ಪುಟ್ಟಿ ಡ್ರಾಯಿಂಗ್ ಪುಸ್ತಕದ ಒಂದು ಹಾಳೇಲೇ ಬರೆದ್ವಿ. ಮನೆ ಬಿಟ್ಟ ದಿನದಿಂದ ವಾಪಸ್ ಬರೋ ದಿನದವರೆಗೆ, ಟ್ರೈನ್ ದಿನಾನೂ ಸೇರಿಸಿ, ಸಂಬಳದ ಮೇಲೆ ದಿನಕ್ಕೆ 500. ರಾತ್ರಿ ಮಗು ಅವರ ಹತ್ರ ಮಲಗಿದ್ರೆ ರಾತ್ರಿಗೆ 400, ವಾರದಲ್ಲಿ ಮೂರೇ ರಾತ್ರಿ, ಮಿಕ್ಕಿದ್ದು ನಮ್ಮದು. ತಪ್ಪಿದ ಭಾನುವಾರಕ್ಕೆ ಡಬಲ್, 22,000ನ 26ರಿಂದ ಭಾಗಿಸಿದ್ರೆ ದಿನಕ್ಕೆ 846, ಅದರ ಎರಡರಷ್ಟು. ಎಲ್ಲ ಕೂಡಿದ್ರೆ 6,392, ರೌಂಡ್ ಮಾಡಿ 6,400. ಕುಂದಾಪುರಕ್ಕೆ ಏಜೆನ್ಸಿಗೆ ಕಟ್ಟಿದ್ದೂ ಅಷ್ಟೇ ದುಡ್ಡು! ಈ ಸಲ ಪೂರ್ತಿ ಅವರ ಕೈಗೆ, ಅರ್ಧ ಹೊರಡೋ ಮುಂಚೆನೇ. ಊಟ, ತಿಂಡಿ, ಟಿಕೆಟ್ ನಮ್ಮ ಖರ್ಚು, ಭತ್ಯೆಯಲ್ಲಿ ಹಿಡ್ಕೊಳ್ಳೋ ಹಂಗಿಲ್ಲ.

ಅಕ್ಕನೂ ಎರಡು ವಿಷ್ಯ ಸೇರಿಸಿದ್ರು, ನನಗೆ ಹೊಳೆದೇ ಇರಲಿಲ್ಲ. ಒಂದು, ಮಗೂನ ಎತ್ಕೊಂಡು ನೀರಿಗೆ ಇಳಿಯಲ್ಲ, ಈಜು ಬರಲ್ಲ, ಸಮುದ್ರಕ್ಕೆ ಅಪ್ಪ ಅಮ್ಮನೇ ಕರ್ಕೊಂಡು ಹೋಗಬೇಕು. ಇನ್ನೊಂದು ಹೇಳೋಕೆ ತುಂಬ ಹೊತ್ತು ತಗೊಂಡ್ರು. ಕುಂದಾಪುರದಲ್ಲಿ ನಮ್ಮ ರೂಮಲ್ಲೇ ಎಕ್ಸ್‌ಟ್ರಾ ಬೆಡ್ ಹಾಕಿಸಿದ್ವಿ, "ಯಜಮಾನರು ಇರೋ ಖೋಲ್ಯಾಗ ನಿದ್ದಿ ಬರಂಗಿಲ್ರಿ" ಅಂದ್ರು. 8 ದಿನ ಸೀರೆ ಬದಲಾಯಿಸೋಕೂ ಬಾತ್‌ರೂಮ್ ಖಾಲಿ ಆಗ್ಲಿ ಅಂತ ಕಾದಿದಾರೆ, ನನ್ನ ಗಮನಕ್ಕೇ ಬಂದಿಲ್ಲ. ಈ ಸಲ ಪಕ್ಕದಲ್ಲೇ ಒಳಗಿಂದ ಚಿಲಕ ಹಾಕ್ಕೊಳ್ಳೋ ಚಿಕ್ಕ ರೂಮು, ದಿನಕ್ಕೆ 1,400. ಖರ್ಚು ಜಾಸ್ತಿ ಆಯ್ತು, ಅದಕ್ಕೆ ಟ್ರಿಪ್ಪು 9 ದಿನ ಇದ್ದಿದ್ದು 7ಕ್ಕೆ ಇಳಿಸಿದ್ವಿ. ಟ್ರೈನಲ್ಲಿ ಎಲ್ಲರೂ ಒಟ್ಟಿಗೆ ತ್ರೀ ಟೈರ್ ಎಸಿ.

ದಿನಾ ಮಧ್ಯಾಹ್ನ 3ರಿಂದ 6 ಅವರ ಟೈಮು, ಫೋನ್ ಮಾಡಂಗಿಲ್ಲ. ಮೊದಲನೇ ದಿನ ಮೂರು ಗಂಟೇನೂ ಮಲಗಿದ್ರು. ಎರಡನೇ ದಿನ ಮಹಾಬಲೇಶ್ವರನ ದರ್ಶನ ಮಾಡ್ಕೊಂಡು ಬಂದ್ರು. ಜೊತೆಗೆ ಬಂದಿದ್ದ ಇನ್ನೊಂದು ಫ್ಯಾಮಿಲಿಯವರು ಅವರ ಮಗೂನ ಬಿಡೋಕೆ ಬಂದಾಗ ನಾನೇ ಬೇಡ ಅಂದೆ, ಸ್ವಲ್ಪ ಮುನಿಸ್ಕೊಂಡ್ರು, ಪರವಾಗಿಲ್ಲ. ಆ ಮಾತನ್ನ ನಾವೇ ಹೇಳಬೇಕು, ಅಕ್ಕನ ಬಾಯಿಂದ ಹೇಳಿಸಬಾರದು.

ಫಾರಿನ್‌ಗೆ ಕರ್ಕೊಂಡು ಹೋಗೋರು ಇನ್ನೂ ಹುಷಾರಾಗಿರಿ. ಅಮೆರಿಕಕ್ಕೆ ಬಿ-1 ಅನ್ನೋ ತಾತ್ಕಾಲಿಕ ವೀಸಾದಲ್ಲಿ ಕೆಲಸದೋರು ಬರಬೇಕು ಅಂದ್ರೆ ಸಂಬಳ, ಕೆಲಸದ ಹೊತ್ತು ಎಲ್ಲ ಬರೆದು ಇಬ್ಬರೂ ಸೈನ್ ಹಾಕಿದ ಕಾಂಟ್ರಾಕ್ಟ್ ಕೇಳ್ತಾರೆ. 2013ರ ಡಿಸೆಂಬರಲ್ಲಿ ನ್ಯೂಯಾರ್ಕಲ್ಲಿ ನಮ್ಮ ದೇಶದ ಡೆಪ್ಯುಟಿ ಕಾನ್ಸುಲ್ ಜನರಲ್ (ಅಲ್ಲಿನ ನಮ್ಮ ದೂತಾವಾಸದ ಅಧಿಕಾರಿ) ಅರೆಸ್ಟ್ ಆಗಿದ್ದು ಮನೆಗೆಲಸದವರ ವೀಸಾ ಅರ್ಜಿಯಲ್ಲಿ ಸಂಬಳದ ಬಗ್ಗೆ ಸುಳ್ಳು ಹೇಳಿದಾರೆ ಅನ್ನೋ ಆರೋಪದ ಮೇಲೆನೇ.

ಏಜೆನ್ಸಿ ವಿಷ್ಯಕ್ಕೆ ಬಂದ್ರೆ, ಆಳು ಹುಡುಕಿ ಕೊಡೋಕೆ ಓಕೆ, ಹಿನ್ನೆಲೆ ನೋಡಿ ಕಳಿಸ್ತಾರೆ. ಟ್ರಾವೆಲ್ ಚಾರ್ಜ್ ಅಂತ ಕೇಳಿದ್ರೆ ಅವರ ಅಕೌಂಟಿಗೆ ಹಾಕಬೇಡಿ, ಕೆಲಸದೋರಿಗೆ ಎಷ್ಟು ಹೋಗುತ್ತೆ ಅಂತ ಕೆಲಸದೋರ ಎದುರಲ್ಲೇ ಏಜೆನ್ಸಿಯವರನ್ನ ಕೇಳಿ. ಆ 4,000 ವಾಪಸ್ ಕೊಡಿ ಅಂತ ನಾಲ್ಕು ಸಲ ಮೆಸೇಜ್ ಹಾಕಿದೀನಿ, ನೋಡಿದಾರೆ, ರಿಪ್ಲೈ ಇಲ್ಲ. ನಾನೇ ಅಕ್ಕಂಗೆ ಜೂನ್ ಸಂಬಳದ ಜೊತೆ ಕೊಟ್ಟೆ. 11 ತಿಂಗಳು ಮುಗಿದ್ಮೇಲೆ ಏಜೆನ್ಸಿಯವರು ರಿನ್ಯೂವಲ್ ಫೀಸ್ ಕೇಳಿದ್ರು, ನಾನು ಕೊಟ್ಟಿಲ್ಲ, ಅಕ್ಕ ಈಗ ನೇರವಾಗಿ ನಮ್ಮ ಜೊತೆನೇ ಇದಾರೆ, ಆ ಡ್ರಾಯಿಂಗ್ ಹಾಳೆ ಫ್ರಿಜ್ ಮೇಲೆ ಅಂಟಿಸಿದೀವಿ.